ಬಾಯಿ ಕಟ್ಟಬಾರದ ಡ್ರಮ್ಮು

ಮೃಗಶಿರೆ ಮಳೆ ಹುಟ್ಟಿ ನಾಲ್ಕು ದಿನವಾದರೂ ಚಂದ್ರಗುತ್ತಿಯ ಕಡೆ ಒಂದು ಹನಿ ಬಿದ್ದಿಲ್ಲ. ಮಂಗಳವಾರ, ಬೆಳಗಿನ ಐದರ ಹೊತ್ತು. ಗುಡ್ಡದ ತಲೆ ಇನ್ನೂ ಕಪ್ಪಗೇ ಇದೆ. ರಸ್ತೆ ಬದಿಯ ಹಳೆಯ ಅಕ್ಕಿ ಗಿರಣಿಯೊಳಗೆ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದೆಮಟ್ಟದ ನೀಲಿ ಡ್ರಮ್ಮಿಗೆ ಕಿವಿ ಹಚ್ಚಿ ನಿಂತಿದ್ದಾರೆ ವನಜಮ್ಮ. ಒಳಗೆ ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ ಚಿರಿಚಿರಿ ಸದ್ದು.

"ಎದ್ದಾವೆ," ಎನ್ನುತ್ತಾರೆ, ಮನೆಯ ಮಕ್ಕಳ ಸುದ್ದಿ ಹೇಳುವ ಹಾಗೆ. ಮೇಲೆ ಹೊದಿಸಿದ ಬಿಳಿ ಬಟ್ಟೆ ತೆಗೆದರೆ ನೇರಳೆ ಹಣ್ಣಿನ ಸಿಪ್ಪೆ, ತಿರುಳು ಎಲ್ಲ ಮೇಲಕ್ಕೆದ್ದು ದಪ್ಪ ರೊಟ್ಟಿಯ ಹಾಗೆ ಕೂತಿದೆ. ಅಂಚಿನಲ್ಲಿ ನಸುಗೆಂಪು ನೊರೆ. ಮರದ ಹುಟ್ಟಿನಿಂದ ಆ ರೊಟ್ಟಿಯನ್ನು ಒತ್ತಿ ಒತ್ತಿ ರಸದೊಳಗೆ ಮುಳುಗಿಸುತ್ತಾರೆ. ಬೆಳಿಗ್ಗೆ ಒಮ್ಮೆ, ಊಟದ ಹೊತ್ತಿಗೊಮ್ಮೆ, ದೀಪ ಹಚ್ಚುವ ಮೊದಲು ಒಮ್ಮೆ. ಒಂದು ಹೊತ್ತು ತಪ್ಪಿದರೂ ಮೇಲಿನ ಸಿಪ್ಪೆ ಒಣಗಿ ಬೂಷ್ಟು ಹಿಡಿಯುತ್ತದೆ, ಇಡೀ ಡ್ರಮ್ಮು ಹುಳಿಯಾಗುತ್ತದೆ. ಹಾಗಾಗಿ ನೇರಳೆಯ ಕಾಲದಲ್ಲಿ ವನಜಮ್ಮನಿಗೆ ಮದುವೆಯೂ ಇಲ್ಲ, ಮುಂಜಿಯೂ ಇಲ್ಲ.

ಇದು ಮಾಬ್ಲೇಶ್ವರ ಹೆಗಡೆ ಮತ್ತು ಅವರ ಹೆಂಡತಿ ವಾಸಂತಿ ನಡೆಸುವ ವೈನಿನ ಗಿರಣಿ. ದ್ರಾಕ್ಷಿ ಇಲ್ಲಿ ಬೆಳೆಯುವುದಿಲ್ಲ. ನೇರಳೆಯನ್ನು ಯಾರೂ ಬೆಳೆಸುವುದೇ ಬೇಕಾಗಿಲ್ಲ. ಬೆಟ್ಟದಲ್ಲಿ, ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ ಅದರಷ್ಟಕ್ಕೆ ಅದು ನಿಂತಿದೆ. ಅದಕ್ಕೆ ಯಾರೂ ಗೊಬ್ಬರ ಹಾಕಿದ್ದಿಲ್ಲ, ಔಷಧಿ ಹೊಡೆದದ್ದಿಲ್ಲ. ವಾಸಂತಿಯವರ ಸಂಬಂಧಿಕರೊಬ್ಬರು ಒಮ್ಮೆ ಸಮುದ್ರದಾಚೆಯಿಂದ ಒಂದು ಬಾಟಲಿ ಕೆಂಪು ವೈನ್ ತಂದಿದ್ದರು. ಮೆಡಿಟರೇನಿಯನ್ ಸಮುದ್ರದ ಯಾವುದೋ ದ್ವೀಪದ್ದು. ಅಲ್ಲಿನ ಒಂದು ಮನೆತನದವರು ರಾಸಾಯನಿಕ ಮುಟ್ಟಿಸದೆ ತಮ್ಮ ತೋಟದಲ್ಲೇ ಬೆಳೆದು ತಾವೇ ಮಾಡಿದ್ದಂತೆ. ಅದನ್ನು ನೋಡಿಯೇ ವಾಸಂತಿಯವರಿಗೆ ನೇರಳೆಯ ಯೋಚನೆ ಹುಟ್ಟಿದ್ದು. ತರಬೇತಿಗೆ ಹೋದರು, ಪರವಾನಗಿಗೆ ಅಲೆದರು, ಪಾಳು ಬಿದ್ದಿದ್ದ ಗಿರಣಿಯನ್ನು ಬಾಡಿಗೆಗೆ ಹಿಡಿದರು.

ಆ ದ್ವೀಪದ ಖಾಲಿ ಬಾಟಲಿ ಈಗಲೂ ಗಿರಣಿಯ ಕಿಟಕಿಯಲ್ಲಿದೆ. ಅದರ ಚೀಟಿಯ ಮೇಲೆ ತಲೆಗೆ ವಸ್ತ್ರ ಕಟ್ಟಿದ ಮುದುಕಿಯೊಬ್ಬಳು ಬುಟ್ಟಿ ಹಿಡಿದು ನಿಂತಿರುವ ಚಿತ್ರ. ವನಜಮ್ಮ ಅವಳಿಗೆ ಇಟ್ಟ ಹೆಸರು ದ್ವೀಪದಮ್ಮ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವಳ ಮೇಲಿನ ದೂಳು ಒರೆಸುತ್ತಾರೆ.

"ಅವಳೂ ನನ್ನ ಹಾಗೇ ಲಂಗ ಎತ್ತಿ ಸಿಕ್ಕಿಸ್ಕಂಡಿದಾಳೆ ನೋಡಿ," ಎಂದು ನಗುತ್ತಾರೆ. ನಗು ಮುಗಿದ ಮೇಲೆ ಇನ್ನೊಂದು ಮಾತು. "ಅವಳ ನಾದಿನಿ ಅವಳ ಮನೇಲಿ ನೀರು ಕುಡೀತಾಳೋ ಇಲ್ವೋ. ಚಿತ್ರದಲ್ಲಿ ಅದೆಲ್ಲ ಎಲ್ಲಿ ಕಾಣ್ತದೆ."

ವನಜಮ್ಮನ ನಾದಿನಿ ಅವರ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಏಳು ವರ್ಷವಾಯಿತು.

ಅದಕ್ಕೊಂದು ಹಿಂದಿನ ಕಥೆಯಿದೆ. ಗಿರಣಿಯಲ್ಲಿ ಭತ್ತ ಅಕ್ಕಿಯಾಗುತ್ತಿದ್ದ ಕಾಲದಲ್ಲಿ ಅದನ್ನು ಓಡಿಸುತ್ತಿದ್ದವರು ವನಜಮ್ಮನ ಗಂಡ ಮಾಳೇಶಪ್ಪ. ಪಟ್ಟಿ ತಿರುಗಿದ ಸದ್ದು ಕೇಳಿದರೆ ಯಾವ ಬೇರಿಂಗಿಗೆ ಎಣ್ಣೆ ಬೇಕೆಂದು ಹೇಳುತ್ತಿದ್ದ ಮನುಷ್ಯ. ದೊಡ್ಡ ಮಿಲ್ಲುಗಳು ಬಂದವು, ಇದು ನಿಂತಿತು. ಗಿರಣಿಯ ಹಿಂದೆಯೇ ಮಾಳೇಶಪ್ಪನ ಕೈಯೂ ನಿಂತಿತು. ನಿಂತ ಕೈಗೆ ಸಾರಾಯಿಯ ಪ್ಯಾಕೆಟ್ಟು ಬಂತು. ಹೊಟ್ಟೆ ಊದಿ ಹೋದರು. ಮಕ್ಕಳಿಲ್ಲ. ವನಜಮ್ಮನ ತವರಿನಲ್ಲೂ ಈಗ ಯಾರೂ ಉಳಿದಿಲ್ಲ. ನನ್ನವರು ಎನ್ನುವುದಕ್ಕೆ ಇದ್ದವರು ಗಂಡನ ಅಕ್ಕ, ವನಜಮ್ಮ ಅತ್ಗೆ ಎಂದು ಕರೆಯುವ ಗುತ್ಯಮ್ಮ ಒಬ್ಬರೇ. ಶಿಕಾರಿಪುರದಾಚೆ ಈಸೂರಿಗೆ ಕೊಟ್ಟ ಹೆಣ್ಣು. ಮದುವೆಯಾಗಿ ಬಂದಾಗ ಒಲೆ ಹೊತ್ತಿಸಲೂ ಬಾರದ ವನಜಮ್ಮನಿಗೆ ಅನ್ನ ಬಸಿಯುವುದು, ಮಿಡಿ ಉಪ್ಪಿನಕಾಯಿ ಹಾಕುವುದು, ಭರಣಿಯ ಬಾಯಿ ಕಟ್ಟುವುದು ಎಲ್ಲ ಕಲಿಸಿದ್ದು ಅವರೇ.

ವಾಸಂತಿ ಕರೆದಾಗ ವನಜಮ್ಮ ಗಿರಣಿಯ ಕೆಲಸಕ್ಕೆ ಒಪ್ಪಿಕೊಂಡರು. ಸುದ್ದಿ ಈಸೂರು ತಲುಪಿತು. ಗುತ್ಯಮ್ಮ ಬಂದು ಹೊಸ್ತಿಲಿನಾಚೆಯೇ ನಿಂತು ಹೇಳಿದರು: "ನನ್ನ ತಮ್ಮನ್ನ ನುಂಗಿದ್ದನ್ನs ಕಲಕಾಕ ಹೊಂಟೀಯೇನ? ಇನ್ನ ಈ ಮನ್ಯಾಗ ನಾ ನೀರು ಮುಟ್ಟಂಗಿಲ್ಲ." ಆಡಿದಂತೆ ನಡೆದರು. ವರ್ಷಕ್ಕೊಮ್ಮೆ ಹರಕೆಗೆ ಚಂದ್ರಗುತ್ತಿಗೆ ಬಂದರೂ ಬೀದಿಯಲ್ಲೇ ಮಾತಾಡಿಸಿ, ಬಂದ ಬಸ್ಸಿಗೇ ಹಿಂದಿರುಗುತ್ತಿದ್ದರು.

ಗುತ್ಯಮ್ಮ ಕಲಿಸಿದ ಪಾಠ ಮೊದಲ ವರ್ಷವೇ ಗಿರಣಿಯಲ್ಲಿ ದೊಡ್ಡ ಸದ್ದು ಮಾಡಿತು. ಹಣ್ಣು ಕಿವುಚಿ, ಸಕ್ಕರೆ ಹಾಕಿ, ಈಸ್ಟು ಬೆರೆಸಿಯಾಗಿತ್ತು. ಈಸ್ಟಿಗೆ ವನಜಮ್ಮ ಹೇಳುವುದು 'ಹೆಪ್ಪು' ಎಂದು. ಸಂಜೆ ಮನೆಗೆ ಹೊರಟ ವಾಸಂತಿ, "ವನಜಮ್ಮ, ಡ್ರಮ್ಮಿನ ಬಾಯಿ ಕಟ್ಟಿ ಹೊರಡಿ" ಎಂದರು. ನೊಣ ಕೂರದಂತೆ ಬಟ್ಟೆ ಹೊದಿಸಿ ದಾರ ಸುತ್ತಿ ಎಂಬುದು ಅವರ ಅರ್ಥ. ವನಜಮ್ಮನಿಗೆ ಬಾಯಿ ಕಟ್ಟುವುದೆಂದರೆ ಉಪ್ಪಿನಕಾಯಿಯ ಭರಣಿಗೆ ಕಟ್ಟಿದ ಹಾಗೆ. ಗಾಳಿ ಹೊಕ್ಕರೆ ಕೆಟ್ಟಿತು! ಮುಚ್ಚಳ ಒತ್ತಿ, ಕಬ್ಬಿಣದ ಬಳೆ ಬಿಗಿದು, ಬಟ್ಟೆ ಸುತ್ತಿ, ತೆಂಗಿನ ಹಗ್ಗ ಬಿಗಿದು, ಸಾಲದ್ದಕ್ಕೆ ಒಂದು ಗುಂಡುಕಲ್ಲು ಹೇರಿ ಮನೆಗೆ ಹೋದರು.

ಮರುದಿನ ಮಧ್ಯಾಹ್ನ ಊರಿಗೆ ಊರೇ ಬೆಚ್ಚಿತು. ಮುಚ್ಚಳ ಹಾರಿ ಮೇಲಿನ ತಗಡಿಗೆ ಬಡಿದಿತ್ತು. ಗೋಡೆಗೆ ಆಳೆತ್ತರಕ್ಕೆ ನೇರಳೆ ರಸ ರಾಚಿತ್ತು. ಬಸ್ ಸ್ಟಾಪಿನಲ್ಲಿದ್ದವರು ಯಾರೋ ಸತ್ತರೆಂದೇ ಓಡಿಬಂದರು. ಒಳಗೆ ಅಡಿಯಿಂದ ಮುಡಿಯವರೆಗೆ ಕೆಂಪಾಗಿ ವನಜಮ್ಮ ನಿಂತಿದ್ದಾರೆ, ಕೈಯಲ್ಲಿ ಪೊರಕೆ. "ಎಂತ ಮಾರಾಯ್ತಿ, ಗರ್ನಾಲು ಇಟ್ಟಿದ್ಯಾ?" ಎಂದರಂತೆ ಹೆಗಡೆಯವರು, ಜಾತ್ರೆಯ ಸಿಡಿಮದ್ದು ನೆನೆದು. ಅಂದಿನಿಂದ ಊರಲ್ಲಿ ಅವರು ಗರ್ನಾಲು ವನಜಮ್ಮ. ತಗಡಿನ ತಗ್ಗು ಹಾಗೇ ಇದೆ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಕಲೆ ಒಳಗಿಂದ ನಸುಗೆಂಪಾಗಿ ಇಣುಕುತ್ತದೆ.

ಈಗ ಈ ಗಿರಣಿಯಲ್ಲಿ ವನಜಮ್ಮನ ಕಣ್ಣು ತಪ್ಪಿಸಿ ಒಂದು ಹಣ್ಣೂ ಒಳಗೆ ಬರುವುದಿಲ್ಲ. ಕ್ಯಾಸನೂರು ಕಡೆಯ ಕಾಡಿನಿಂದ ಹಣ್ಣು ತರುವವರು ಮಂಗನ ಕಾಯಿಲೆ ತರುವ ಉಣುಗು ಹುಳ ಕಚ್ಚದಿರಲೆಂದು ಕೈಕಾಲಿಗೆ ಎಣ್ಣೆ ಸವರಿಕೊಂಡೇ ಹೋಗುತ್ತಾರೆ. ಆ ಕೈಯಲ್ಲೇ ಹಣ್ಣು ಮುಟ್ಟಿದರೆ ರಸಕ್ಕೆ ಎಣ್ಣೆಯ ವಾಸನೆ. ಅದಕ್ಕೇ ಬಾಗಿಲಲ್ಲಿ ಸೀಗೆಪುಡಿ, ಬಕೆಟ್ಟು ನೀರು. "ಕೈ ತೋರ್ಸು" ಎಂದು ಒಬ್ಬೊಬ್ಬರ ಕೈಯನ್ನೂ ಮೂಸಿ ನೋಡಿಯೇ ಒಳಗೆ ಬಿಡುತ್ತಾರೆ. "ನಮ್ಮ ಮೇಷ್ಟ್ರೂ ಇಷ್ಟು ನೋಡಿರ್ಲಿಲ್ಲ" ಎಂದು ಗೊಣಗುವವರಿಗೆ, "ಅದಕ್ಕೇ ನೀ ಹಿಂಗಾಗಿದ್ದು" ಎಂಬ ಉತ್ತರ ಸಿದ್ಧ. ಬಾಟಲಿಯ ಚೀಟಿಯ ಮೇಲೆ ಅವರ ಚಿತ್ರ ಹಾಕೋಣವೆಂದು ಹೆಗಡೆಯವರು ಒಮ್ಮೆ ಹೊರಟಿದ್ದರು. "ಬ್ಯಾಡ ಹೆಗಡೇರೆ. ಕುಡ್ದು ಬಾಟ್ಲಿ ಗಟಾರಕ್ಕೆ ಎಸೀತಾರೆ. ಸತ್ತ ಮೇಲೆ ಗೋಡೆಗೆ ಹಾಕ್ತಾರಲ್ಲ, ಅಷ್ಟು ಸಾಕು."

ಎರಡು ವರ್ಷದ ಹಿಂದೆ ಗುತ್ಯಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಸುದ್ದಿ ತಂದವರು ಈಸೂರಿನ ಹುಲಿಯಪ್ಪ, ಕೆರೆ ಏರಿಯ ಮರಗಳ ಹಣ್ಣನ್ನು ಟೆಂಪೋದಲ್ಲಿ ಹೇರಿಕೊಂಡು ಬರುವವರು. ನೇರಳೆ ಬೀಜದ ಪುಡಿ ಸಕ್ಕರೆಗೆ ಒಳ್ಳೆಯದೆಂದು ಈ ಕಡೆಯ ನಂಬಿಕೆ. ರಸ ಸೋಸಿದ ಮೇಲೆ ಡ್ರಮ್ಮಿನ ತಳದಲ್ಲಿ ಬೇಕಾದಷ್ಟು ಬೀಜ ಉಳಿಯುತ್ತದೆ. ವನಜಮ್ಮ ಅದನ್ನು ತೊಳೆದು, ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಹುಲಿಯಪ್ಪನ ಕೈಯಲ್ಲಿ ಕಳಿಸಿದರು. ಮುಂದಿನ ಟೆಂಪೋದಲ್ಲಿ ಗಂಟು ಬಿಚ್ಚದೆ ಹಾಗೇ ಹಿಂದಕ್ಕೆ ಬಂತು. "ಹೆಂಡದಾಗ ನೆಂದ ಬೀಜ ನನಗ ಬ್ಯಾಡ ಅಂದ್ರು ನೋಡ್ರಿ," ಎಂದು ಹುಲಿಯಪ್ಪ ನೆಲ ನೋಡಿದರು.

ಹಾಗಾಗಿ ಈ ವರ್ಷ ವನಜಮ್ಮ ಒಂದು ಕೆಲಸ ಹೆಚ್ಚು ಮಾಡಿಕೊಂಡಿದ್ದಾರೆ. ಡ್ರಮ್ಮಿಗೆ ಬೀಳುವ ಮೊದಲೇ ಒಂದಷ್ಟು ಹಣ್ಣು ತೆಗೆದಿಟ್ಟು, ಬಿದಿರ ಬುಟ್ಟಿಯಲ್ಲಿ ತಿಕ್ಕಿ ತಿರುಳು ಬಿಡಿಸುತ್ತಾರೆ. ತಿರುಳು ಡ್ರಮ್ಮಿಗೆ, ಹಸಿ ಬೀಜ ನಾದಿನಿಗೆ. "ಇಡೀ ಹಣ್ಣಿಗೂ ಹಾಗೇ ಮಾಡ್ತೀರಾ?" ಎಂದು ವಾಸಂತಿ ಕೇಳಿದ್ದಕ್ಕೆ, "ಇಲ್ಲಮ್ಮಾ, ಅಷ್ಟು ಬೀಜ ಕೊಡೋಕೆ ನಂಗೆ ಅಷ್ಟೊಂದು ನಾದಿನಿಯರಿಲ್ಲ" ಎಂದರಂತೆ.

ಆರೂವರೆಗೆ ಹುಲಿಯಪ್ಪನ ಟೆಂಪೋ ಬಂದು ನಿಲ್ಲುತ್ತದೆ.

"ವನಜಮ್ಮಾರ, ಇವತ್ತ ಕ್ರೇಟಿನ ಜೋಡಿ ಇನ್ನೊಂದು ಸಾಮಾನು ತಂದೀನ್ರಿ. ಭಾಳ ನಾಜೂಕು. ಮೆಲ್ಲಕ ಇಳಿಸ್ಕೋರಿ."

"ನಾ ಸಾಮಾನೇನಲೇ, ಹುಲ್ಯಾ?" ಮುಂದಿನ ಸೀಟಿನಿಂದ ಗುತ್ಯಮ್ಮ ಇಳಿಯುತ್ತಾರೆ. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮನೆಯಿಂದ ತುಂಬಿಸಿ ತಂದ ನೀರಿನ ಬಾಟಲಿ. ಮುಖ ಸಣ್ಣಗಾಗಿದೆ. "ಬೀಜ ಮೊದಲs ತೆಗೀತಾಳ ಅಂತ ಇವ ಹೇಳಿದ. ಇವನ ಮಾತು ನಂಬಾಕ ಬರ್ತೈತೇನ? ಕಣ್ಣಾರೆ ನೋಡಾಕ ಬಂದೆ."

ಗಿರಣಿಯೊಳಗೆ ಕಾಲಿಡದೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಾರೆ. ವನಜಮ್ಮ ಬುಟ್ಟಿಯನ್ನು ಕಟ್ಟೆಗೇ ತಂದು, ಎದುರಿಗೆ ಕೂತು ತಿಕ್ಕಲು ತೊಡಗುತ್ತಾರೆ.

"ನೋಡಿ ಅತ್ಗೆ. ಇದು ಡ್ರಮ್ಮಿನ ಮುಖ ನೋಡಿಲ್ಲ."

"ಹೂಂ."

"ಡಾಕ್ಟ್ರು ಎಂತ ಹೇಳ್ತಾರೆ?"

"ಏನ್ ಹೇಳ್ತಾರ. ಬಾಯಿ ಕಟ್ಟಬೇಕಂತ. ಅನ್ನ ಬ್ಯಾಡ, ಬೆಲ್ಲ ಬ್ಯಾಡ, ಮಾವಿನಹಣ್ಣು ಬ್ಯಾಡ. ಎಷ್ಟಂತ ಕಟ್ಟಲಿ, ವನಜಿ?"

ವನಜಮ್ಮನ ಕೈ ಬುಟ್ಟಿಯಲ್ಲೇ ನಿಲ್ಲುತ್ತದೆ. "ನಂಗೂ ನೀವೇ ಹೇಳಿದ್ರಿ. ಅವ್ರು ಕುಡ್ದು ಬಂದು ಹೊಡೀತಾರೆ ಅಂತ ಈಸೂರಿಗೆ ಓಡಿ ಬಂದಾಗ. ಗಂಡಸ್ರು ಅಂದ್ಮೇಲೆ ಕುಡೀತಾರೆ, ಬಾಯಿ ಕಟ್ಕಂಡು ಬಾಳ್ವೆ ಮಾಡು ಅಂತ. ಕಟ್ಕಂಡೆ ಅತ್ಗೆ. ಅವ್ರು ಹೋಗೋವರೆಗೂ ಕಟ್ಕಂಡೇ ಇದ್ದೆ."

ಹುಲಿಯಪ್ಪ ಕ್ರೇಟು ಇಳಿಸುವ ನೆಪದಲ್ಲಿ ಟೆಂಪೋದ ಹಿಂದಕ್ಕೆ ಸರಿಯುತ್ತಾರೆ. ಗುತ್ಯಮ್ಮ ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಎರಡು ಬೆರಳಲ್ಲಿ ಹಿಸುಕಿ ಬೀಜವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬೆರಳು ಕೆಂಪಾಗುತ್ತದೆ. ಆಮೇಲೆ ಬುಟ್ಟಿಯನ್ನೇ ತಮ್ಮ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

"ತಾ ಇಲ್ಲಿ. ತಿಕ್ಕೂದು ಹಿಂಗಲ್ಲ. ತಿರುಳೆಲ್ಲ ಬೀಜಕ್ಕs ಉಳೀತೈತಿ. ಎಷ್ಟು ಸಲ ಕಲಿಸಬೇಕು ನಿನಗ?"

ಬಿಸಿಲೇರಿದ ಮೇಲೆ ಕೈ ತೊಳೆಯಲೆಂದು ಗುತ್ಯಮ್ಮ ಗಿರಣಿಯೊಳಗೆ ಬರುತ್ತಾರೆ. ತಮ್ಮ ಮಾಳೇಶಪ್ಪ ದುಡಿದ ಜಾಗ, ಕಂಬ ಕಂಬವನ್ನೂ ನೋಡುತ್ತಾರೆ. ಗೋಡೆಯ ಕಲೆಯ ಕಥೆ ಕೇಳಿ ಮೊದಲ ಸಲ ನಗುತ್ತಾರೆ. "ಮಂಗ್ಯಾ! ನಾ ಕಲಿಸಿದ್ದು ಉಪ್ಪಿನಕಾಯಿಗೆ." ಆಮೇಲೆ ಡ್ರಮ್ಮಿನ ಹತ್ತಿರ ಬಂದು, "ಏನದು, ಒಳಗ ಗೊಣಗತೈತಿ?"

"ಹಣ್ಣು ಉಸಿರು ಬಿಡ್ತದೆ. ಬಿಡೋಕೆ ಜಾಗ ಕೊಟ್ರೆ ಸುಮ್ನಿರ್ತದೆ."

"ನೀ ಕುಡೀತಿಯೇನ?"

"ಇಲ್ಲಪ್ಪ. ಒಂದು ಹನಿ ನಾಲಿಗೆಗೆ ಹಚ್ಚಿ ಉಗೀತೀನಿ." ಹುಟ್ಟು ಕೈಗೆತ್ತಿಕೊಂಡು, "ಇದನ್ನ ಕುಡಿಯೋರು ಸಣ್ಣ ಲೋಟದಲ್ಲಿ ಇಷ್ಟೇ ಇಷ್ಟು ಕುಡೀತಾರಂತೆ. ವಾಸಂತಮ್ಮ ಹೇಳ್ತಾರೆ, ನಾನು ಕಂಡಿಲ್ಲ. ಎಲ್ಲೋ ಯಾವ್ದೋ ಮನೇಲಿ ಇದ್ರಿಂದ ಒಂದು ಹೆಣ್ಣು ಬಾಯಿ ಕಟ್ಕಂಡು ಕೂತಿದ್ರೆ ಅಂತ ಒಂದೊಂದ್ಸಲ ಅನ್ನಿಸ್ತದೆ. ಆವಾಗ ಹುಟ್ಟು ನಿಂತುಬಿಡ್ತದೆ ಅತ್ಗೆ. ಆದ್ರೆ ಹೊತ್ತಿಗೆ ಸರಿಯಾಗಿ ಮುಳುಗಿಸ್ದೇ ಇದ್ರೆ ಹಣ್ಣು ಹಾಳು. ಮತ್ತೆ ಒತ್ತುತೀನಿ."

ಗುತ್ಯಮ್ಮ ಕಟ್ಟೆಯ ಮೇಲಿನ ಬುಟ್ಟಿಗೆ ಹಿಂದಿರುಗುತ್ತಾರೆ. ವನಜಮ್ಮ ಮತ್ತೆ ಹುಟ್ಟು ಒತ್ತುತ್ತಾರೆ.

ಅಂದು ರಾತ್ರಿ ಗುತ್ಯಮ್ಮ ವನಜಮ್ಮನ ಮನೆಯಲ್ಲೇ ಉಳಿಯುತ್ತಾರೆ, ಈಸೂರಿನಿಂದ ತಂದ ರೊಟ್ಟಿ ತಿಂದು, ತಂದ ನೀರನ್ನೇ ಕುಡಿದು. ಬುಧವಾರ ಇಬ್ಬರೂ ಎದುರುಬದುರು ಕೂತು ಬೀಜ ಬಿಡಿಸುತ್ತಾರೆ, ಜಗಳವಾಡುತ್ತಾರೆ, ಮಾಳೇಶಪ್ಪನ ಹಳೆಯ ತುಂಟತನ ನೆನೆದು ನಗುತ್ತಾರೆ. ರೊಟ್ಟಿ ಹೇಗೋ ಸಂಜೆಯವರೆಗೆ ಬರುತ್ತದೆ. ಬಾಟಲಿಯ ನೀರು ಗುಟುಕು ಗುಟುಕಾಗಿ ಇಳಿಯುತ್ತದೆ. ವನಜಮ್ಮ ಅದನ್ನು ನೋಡುತ್ತಾರೆ.

ನಿಮಗೇನು ಆಸೆಯೆಂದು ಕೇಳಿದರೆ ವನಜಮ್ಮ ಹೇಳುವುದು ಇಷ್ಟು: "ಬರೋ ವರ್ಷವೂ ಹಣ್ಣಿನ ಹೊತ್ತಿಗೆ ಅತ್ಗೆ ಬರ್ಲಿ. ಬೀಜ ತಿಕ್ಕೋಕೆ ಒಬ್ಬಳ ಕೈಲಿ ಆಗಲ್ಲ."

ಗುರುವಾರ ಬೆಳಗಿನ ಎಂಟೂವರೆಯ ಬಸ್ಸಿಗೆ ಹೊರಟು ನಿಂತ ಗುತ್ಯಮ್ಮನ ಚೀಲದಲ್ಲಿ ಅರ್ಧ ಒಣಗಿದ ಬೀಜದ ಗಂಟು. ಉಳಿದದ್ದನ್ನು ತಮ್ಮ ಅಂಗಳದಲ್ಲೇ ಒಣಗಿಸಿಕೊಳ್ಳುತ್ತಾರಂತೆ. ಹೊಸ್ತಿಲು ದಾಟುವಾಗ ಖಾಲಿ ಬಾಟಲಿಯನ್ನು ಅಲ್ಲಾಡಿಸಿ ನೋಡಿ, ತಿರುಗಿ ನಿಲ್ಲುತ್ತಾರೆ.

"ವನಜಿ, ಬಾಯಿ ಒಣಗೇತಿ."

ವನಜಮ್ಮ ಒಳಗಿಂದ ಚೊಂಬು ತುಂಬಿ ತರುತ್ತಾರೆ. ಗುತ್ಯಮ್ಮ ನಿಂತಲ್ಲೇ ತಲೆ ಎತ್ತಿ, ನಡುವೆ ಉಸಿರು ಬಿಡದೆ, ತಳ ಕಾಣುವವರೆಗೆ ಕುಡಿಯುತ್ತಾರೆ. ಚೊಂಬನ್ನು ಜಗಲಿಯ ಮೇಲೆ ಬೋರಲು ಹಾಕಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಸ್ಸಿನ ಹಾದಿ ಹಿಡಿಯುತ್ತಾರೆ.