ಕೆಳಗಿಂದ ಹಿಪ್‌ಹಾಪ್, ಹತ್ತಿರದಿಂದ ಆರ್ ಅಂಡ್ ಬಿ

ನನ್ನ ತಮ್ಮ ರ‍್ಯಾಪ್ ಹಾಡುತ್ತಾನೆ ಎಂದು ಯಾರೋ ಹೇಳಿದಾಗ ನಾನು ನಂಬಲಿಲ್ಲ. ಮನೆಯಲ್ಲಿ ಅವನು ಬಾಯಿ ಬಿಡುವುದೇ ಅಪರೂಪ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ರೇಷ್ಮೆ ಹುಳುವಿಗೆ ಹಾಕಿ, ತಟ್ಟೆಯಲ್ಲಿದ್ದದ್ದನ್ನು ತಿಂದು ಮಲಗುವ ಪ್ರಾಣಿ ಅದು. ಅಂಥವನು ಒಂದೇ ಉಸಿರಿಗೆ ನಲವತ್ತು ಮಾತು ಉದುರಿಸುತ್ತಾನೆ ಅಂದರೆ ಯಾರು ನಂಬುತ್ತಾರೆ? ಆಮೇಲೆ ಒಂದು ದಿನ ಹೊಂಗನೂರಿನಿಂದ ಬಸ್ಸು ಹತ್ತಿ ಚನ್ನಪಟ್ಟಣದ ನನ್ನ ಟೈಲರಿಂಗ್ ಅಂಗಡಿಗೆ ಬಂದ. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ತಗುಲಿಸಿದ. ನಮ್ಮೂರ ಬಸ್ಸು, ರಾಮನಗರದ ಗೂಡಿನ ಮಾರ್ಕೆಟ್ಟು, ನಮ್ಮ ಬೈಗುಳ, ನಮ್ಮ ಬಂಡೆ ಎಲ್ಲವೂ ಅದರಲ್ಲಿತ್ತು. ಕೇಳುತ್ತಾ ಕೇಳುತ್ತಾ ನನ್ನ ಕಾಲು ತಾನಾಗಿ ಮಿಷನ್ನಿನ ಪೆಡಲ್ ತುಳಿಯತೊಡಗಿ, ಹೊಲಿಯುತ್ತಿದ್ದ ಬ್ಲೌಸಿನ ತೋಳು ಸೊಟ್ಟಗೆ ಓಡಿಹೋಯಿತು.

"ಚೆನ್ನಾಗೈತೆ ಕಣೋ," ಅಂದೆ. "ಮಧ್ಯದಲ್ಲಿ ಎರಡು ಕಡೆ ಬರೀ ತಾಳ ಹೊಡ್ಕೊಂಡ್ ಹೋಯ್ತದಲ್ಲ, ಅದ್ಯಾಕೆ?"

"ಅಲ್ಲಿ ಹುಕ್ ಬರ್ಬೇಕು ಅಕ್ಕ. ಪಲ್ಲವಿ ಅನ್ಕೊ. ನಾನು ಬಡಬಡಾಂತ ಮಾತಾಡ್ಬುಟ್ಟ ಮೇಲೆ, ಒಂದು ಹೆಣ್ಣುದನಿ ನಿಧಾನಕ್ಕೆ, ಎಳ್ದು ಎಳ್ದು ಹಾಡ್ಬೇಕು. ಅದು ಆರ್ ಅಂಡ್ ಬಿ. ನೀನೇ ಹಾಡ್ಬೇಕು."

ಹಾಡುವುದನ್ನು ನಾನು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಯಾಕೆ ಬಿಟ್ಟೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನನ್ನು ನೋಡಲು ಮೊದಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು, ಕಾಫಿ ಮುಗಿಸಿ, ಒಂದು ಹಾಡು ಹೇಳಮ್ಮ ಅಂದರು. ನನಗೋ ಹಾಡೆಂದರೆ ಪ್ರಾಣ. ಸೋಬಾನೆ ಪದವೊಂದನ್ನು ಪೂರ್ತಿ ಗಂಟಲು ಬಿಟ್ಟು ಹಾಡಿದೆ. ನನ್ನ ದನಿ ದಪ್ಪ. ಹುಡುಗನ ಸೋದರತ್ತೆ, "ಇದೇನವ್ವ, ಒಳಗೆ ಯಾರೋ ಗಂಡಸು ಹಾಡ್ದಂಗಾಯ್ತು" ಅಂದಳು. ಇಡೀ ನಡುಮನೆ ನಕ್ಕಿತು. ಅವರು ಮತ್ತೆ ಬರಲಿಲ್ಲ. ಮುಂದಿನ ಸಲ ಬೇರೆಯವರು ಬಂದು ಹಾಡು ಕೇಳಿದಾಗ, ಅವ್ವ ನನಗಿಂತ ಮೊದಲು ಬಾಯಿ ಹಾಕಿ, "ಅವಳಿಗೆ ಗಂಟ್ಲು ನೋವು" ಅಂದುಬಿಟ್ಟಳು. ಆ ಸಂಬಂಧ ಕುದುರಿತು. ನನ್ನ ಗಂಡ ಒಳ್ಳೆಯವನೇ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಡು ಹೋಗಿ ಅದರ ಜಾಗಕ್ಕೆ ಜಗಳಗಂಟಿ ಬಾಯಿ ಬಂತು ಅಂತ ಬೇಕಾದರೆ ಹೇಳಿ. ಚನ್ನಪಟ್ಟಣದಲ್ಲಿ ನನ್ನ ಅಂಗಡಿಗೆ ಬಂದು ಅಳತೆ ತಪ್ಪಾಗಿದೆ ಅನ್ನುವ ಧೈರ್ಯ ಬಹಳ ಜನಕ್ಕಿಲ್ಲ.

ತಮ್ಮ ಮೂರು ಸಲ ಬಂದ. ನಾಲ್ಕನೇ ಸಲ ನಾನು ಒಪ್ಪಿದೆ, ಆದರೆ ಒಂದು ಕರಾರಿನ ಮೇಲೆ. ದನಿ ಮಾತ್ರ ನನ್ನದು. ವಿಡಿಯೋದಲ್ಲಿ ನನ್ನ ಮುಖ ಇರಕೂಡದು, ಹೆಸರೂ ಇರಕೂಡದು, ಅವ್ವನಿಗಂತೂ ಗೊತ್ತಾಗಲೇಕೂಡದು.

ಅವನು ತಲೆ ಕೆರೆದುಕೊಂಡ. "ಹಂಗಲ್ಲ ಅಕ್ಕ. ಹಿಪ್‌ಹಾಪ್‌ನಲ್ಲಿ ಯಾರ್ ಮಾತು ಅವರೇ ಆಡ್ಬೇಕು. ಇನ್ನೊಬ್ರ ದನಿಗೆ ತುಟಿ ಅಲ್ಲಾಡ್ಸೋದು ನಾಚ್ಕೆಗೇಡು ನಮ್ಮಲ್ಲಿ."

"ಸಿನಿಮಾದಲ್ಲಿ ಎಲ್ಲಾ ಹೀರೋಯಿನ್‌ಗಳೂ ಅಲ್ಲಾಡ್ಸಲ್ವಾ? ಅವರಿಗಿಲ್ದಿರೋ ನಾಚ್ಕೆ ನಿಂಗೇನೋ? ಬೇಕಾದ್ರೆ ತಗೋ, ಬ್ಯಾಡಾಂದ್ರೆ ಹೋಗು."

ಹುಳುಮನೆ ಖಾಲಿಯಿದ್ದ ವಾರ, ಅವ್ವ ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಗೋಡೆಗೆಲ್ಲ ರಗ್ಗು ನೇತುಹಾಕಿ ಹಾಡಿಸಿಕೊಂಡ. ನಾಲ್ಕೇ ಸಾಲು. "ಬತ್ತೀನಿ ಅಂದ್ಬುಟ್ಟು ಎಲ್ಲೋದೆ, ಬಾಗ್ಲು ತೆಗ್ದೇ ಐತೆ ಬಾ" ಎಂದು ಮುಗಿಯುತ್ತದೆ. ಆ ಕೊನೆಯ 'ಬಾ' ಒಂದೇ ಉಸಿರಿನಲ್ಲಿ ಆರೇಳು ತಿರುವು ಹತ್ತಿ ಇಳಿಯಬೇಕು. ಮೊದಲ ಸಲ ನಡುವೆಯೇ ಉಸಿರು ಮುಗಿಯಿತು, ಎರಡನೆಯ ಸಲ ಕಣ್ಣಲ್ಲಿ ನೀರು ಬಂತು, ಮೂರನೆಯ ಸಲ ಸರಿಯಾಗಿ ಬಂತು. ಮನೆಗೆ ಹೋಗಿ ಎರಡು ದಿನ ಸುಮ್ಮಸುಮ್ಮನೆ ನಗುತ್ತಿದ್ದೆ. ಗಂಡ ನನ್ನ ಮುಖವನ್ನೇ ನೋಡಿ, ಏನಾದರೂ ಚೀಟಿ ಎತ್ತಿದೆಯಾ ಅಂತ ಕೇಳಿದ.

ಶೂಟಿಂಗ್ ಹೊಂಗನೂರಿನ ನಮ್ಮ ತವರುಮನೆಯಂಗಳದಲ್ಲೇ ಎಂದು ಗೊತ್ತಾಯಿತು. ಕ್ಯಾಮೆರಾ ಹಿಡಿದವರು ಚನ್ನಪಟ್ಟಣದ ಗೊಂಬೆ ಮಾಡುವ ಮನೆತನದ ಒಬ್ಬ ಭಾಯ್. ಸುತ್ತ ಹತ್ತೂರಿನ ಮದುವೆ ತೆಗೆದ ಕೈ. ಹಿಪ್‌ಹಾಪ್ ಅವರಿಗೂ ಹೊಸದು. ಅದಕ್ಕೇ ಒಂದು ವಾರ ಕೂತು ಊರೂರಿನ ವಿಡಿಯೋ ನೋಡಿ, ಈ ಜಾತಿಯ ಹಾಡಿಗೆ ಏನೇನು ಇರಲೇಬೇಕು ಅಂತ ಫೋನಿನಲ್ಲಿ ಬರೆದುಕೊಂಡು ಬಂದಿದ್ದರು. ನಾನು ಕೇಳಿದ್ದಕ್ಕೆ, ಅಕ್ಕ ಅನ್ನುವ ಬದಲು ಆಪಾ ಅಂದು, ಒಂದೇ ಮಾತಿನಲ್ಲಿ ಹೇಳಿದರು: "ಸಿಂಪಲ್ ಆಪಾ. ಹಿಪ್‌ಹಾಪ್‌ಗೆ ಕ್ಯಾಮೆರಾ ಕೆಳಗಿಂದ, ಆರ್ ಅಂಡ್ ಬಿಗೆ ಹತ್ತಿರದಿಂದ. ಅದ್ರಲ್ಲಿ ಗತ್ತು, ಇದ್ರಲ್ಲಿ ಬೇಜಾರು. ಎರಡ್ರಲ್ಲೂ ಯಾರೂ ನಗಂಗಿಲ್ಲ."

ಗತ್ತಿಗೆ ಮೊದಲು ಬೇಕಾದದ್ದು ಕಾರು. ನೆಂಟರೊಬ್ಬರು ಹೊಸ ಕಾರು ಕಳಿಸಿಕೊಟ್ಟಿದ್ದರು. ಸೀಟಿನ ಪ್ಲಾಸ್ಟಿಕ್ಕೇ ಇನ್ನೂ ತೆಗೆದಿರಲಿಲ್ಲ. ಗೀರು ಬೀಳುತ್ತದೆ, ಯಾರೂ ಒರಗಬಾರದು ಅಂತ ಆಜ್ಞೆ ಬೇರೆ. ಹಾಗಾಗಿ ತಮ್ಮನ ಜೊತೆಯ ಹುಡುಗರೆಲ್ಲ ಕಾರಿನಿಂದ ಒಂದಡಿ ದೂರ ನಿಂತು, ಒರಗಿದವರ ಹಾಗೆ ಸೊಂಟ ವಾಲಿಸಿದರು. ಎರಡನೆಯದು ಕುತ್ತಿಗೆಯಲ್ಲಿ ದಪ್ಪ ಚಿನ್ನದ ಸರ. ಅವ್ವನ ಎರಡೆಳೆ ಸರವನ್ನು ತಮ್ಮ ಕಾಡಿ ಬೇಡಿ ಹಾಕಿಕೊಂಡಿದ್ದ. ಅವ್ವ ಸರ ಕೊಟ್ಟಳೇ ಹೊರತು ಅದನ್ನು ಕಣ್ಣಳತೆಯಿಂದ ಬಿಡಲಿಲ್ಲ. ಸಂಜೆವರೆಗೂ ಕ್ಯಾಮೆರಾದ ಪಕ್ಕದಲ್ಲೇ ಸೆರಗು ಬಿಗಿದು ನಿಂತಿದ್ದಳು. ತಮ್ಮ ಕೈ ಬೀಸಿದಾಗಲೆಲ್ಲ, "ಕಿತ್ತೋಗ್ತದೆ ಕಣ್ಲಾ, ಮೆಲ್ಲುಕೆ" ಅನ್ನುವ ಅವಳ ದನಿ.

ಮೂರನೆಯದರಲ್ಲಿ ನಿಜವಾದ ಫಜೀತಿಯಾಯಿತು. ಹಾಡುವವನು ಮುಂದೆ, ಅವನ ಊರು ಪೂರ್ತಿ ಅವನ ಹಿಂದೆ ನಿಲ್ಲಬೇಕು. ಅದಿಲ್ಲದೆ ಹಿಪ್‌ಹಾಪ್ ಇಲ್ಲ ಅಂತ ತಮ್ಮ ಹಟ ಹಿಡಿದಿದ್ದ. ಕರೆದದ್ದಕ್ಕೆ ಊರ ಹಿರಿಯರೂ ಬಂದರು. ಬಿಳೀ ಪಂಚೆ ಉಟ್ಟು, ಪ್ಲಾಸ್ಟಿಕ್ ಚೇರು ತರಿಸಿ, ಸಾಲಾಗಿ ಮುಂದೆ ಕೂತರು. ಹಿಂದೆ ನಿಲ್ಲಬೇಕು ಅಂದದ್ದೇ ತಡ, ನಮ್ಮ ದೊಡ್ಡಪ್ಪನಿಗೆ ಮೂಗಿನ ತುದಿಗೆ ಕೋಪ ಬಂತು.

"ಏನ್ಲಾ? ಇವ್ನು ಮುಂದೆ ನಿಂತು ಕೈ ಬೀಸ್ತಾನಂತೆ, ನಾವು ಇವನ ಬೆನ್ನು ನೋಡ್ತಾ ನಿಲ್ಬೇಕಂತೆ! ಯಾವ ಫೋಟೋದಲ್ಲಿ ದೊಡ್ಡೋರು ಹಿಂದ್ಗಡೆ ಇರ್ತಾರ್ಲಾ?"

"ದೊಡ್ಡಪ್ಪ, ಇದು ಫೋಟೋ ಅಲ್ಲ..."

"ಏನಾದ್ರೂ ಆಗ್ಲಿ. ನಾನೇಳಾಕಿಲ್ಲ."

ದೊಡ್ಡಪ್ಪ ಏಳಲಿಲ್ಲವಾದ್ದರಿಂದ ಮಿಕ್ಕವರೂ ಏಳಲಿಲ್ಲ. ತಮ್ಮನ ಮುಖ ಸಣ್ಣದಾಯಿತು. ನಾನು ಬಾಯಿ ಹಾಕುವುದರೊಳಗೆ ಭಾಯ್ ಕೈಯೆತ್ತಿ ತಡೆದರು. ಮದುವೆ ಮನೆಯ ಜಗಳ ಎಷ್ಟು ಬಿಡಿಸಿದ್ದಾರೋ ಏನೋ. "ಯಾರೂ ಏಳ್ಬೇಡಿ ಗೌಡ್ರೇ. ನೀನು ಬಾರಪ್ಪ, ಇವರ ಕಾಲ ಹತ್ರ ಕುಕ್ಕರುಗಾಲಲ್ಲಿ ಕೂತ್ಕೊ. ಸ್ಕೂಲ್ ಫೋಟೋದಲ್ಲಿ ಚಿಕ್ಕ ಮಕ್ಕಳು ಕೂತ್ಕೊಳ್ತಾರಲ್ಲ, ಹಂಗೆ." ತಾವು ನೆಲಕ್ಕೆ ಬೋರಲು ಮಲಗಿ ಕ್ಯಾಮೆರಾ ಹಿಡಿದರು. ಆಮೇಲೆ ನಮ್ಮನ್ನೆಲ್ಲ ಕರೆದು ತೋರಿಸಿದರು. ಅಬ್ಬಬ್ಬಾ! ದೊಡ್ಡದೊಡ್ಡ ಊರಿನ ರ‍್ಯಾಪರುಗಳು ಕೂರುವುದೂ ಹಾಗೇ ಕುಕ್ಕರುಗಾಲಲ್ಲಂತೆ. ತಮ್ಮ ಮುಂದೆ ಹುಲಿಯ ಹಾಗೆ ಕೂತಿದ್ದಾನೆ, ಹಿಂದೆ ಒಂದು ಸಾಲು ಮೀಸೆ. ಗತ್ತು ಮಾಡಿ ಅಂತ ಹಿರಿಯರಿಗೆ ಹೇಳಿಕೊಡಬೇಕಾಗಲೇ ಇಲ್ಲ, ಅವರು ಹುಟ್ಟಿದಾಗಿನಿಂದ ಹಾಗೇ ಇದ್ದರು. ದೊಡ್ಡಪ್ಪ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಇನ್ನೊಂದು ಸಲ ತೆಗೆಯಿರಿ, ನನ್ನ ಟವಲ್ಲು ಸರಿಯಿಲ್ಲ ಅಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊಟವಾದ ಮೇಲೆ ಆರ್ ಅಂಡ್ ಬಿ. ನನ್ನ ದನಿಗೆ ತುಟಿ ಆಡಿಸಲು ರಾಮನಗರದಿಂದ ಒಬ್ಬ ಹುಡುಗಿ ಬಂದಿದ್ದಳು. ಡ್ಯಾನ್ಸ್ ಕಲಿತವಳು, ಗೊಂಬೆಯಂಥ ಮುಖ, ಬಲು ಒಳ್ಳೆಯ ಹುಡುಗಿ. ಅವಳ ಸ್ಯಾಟಿನ್ ಗೌನು ಹೊಲಿದವಳು ನಾನೇ. ಎಲ್ಲಾದರೂ ಸಡಿಲವಾದರೆ ಹಿಡಿಯಬೇಕಲ್ಲ, ಅದಕ್ಕೆ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ನಿಂತಿದ್ದೆ. ಭಾಯ್ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅವಳ ಹಿಂದೆ ನಿಲ್ಲಿಸಿ, ಅದರ ಹಿಂದಿನಿಂದ ನೀಲಿ ಬೆಳಕು ಬಿಟ್ಟಿದ್ದರು. ನಮ್ಮ ಹಳೇ ಚಂದ್ರಿಕೆ ಅಷ್ಟು ಚಂದ ಕಂಡದ್ದು ಅದೇ ಮೊದಲು.

ಆರ್ ಅಂಡ್ ಬಿಗೆ ಸ್ಲೋ ಮೋಷನ್ ಬೇಕು. ಅದಕ್ಕೊಂದು ಉಪಾಯವಿದೆಯಂತೆ. ಶೂಟಿಂಗಿನಲ್ಲಿ ಹಾಡನ್ನು ಎರಡರಷ್ಟು ವೇಗವಾಗಿ ಓಡಿಸಿ, ತುಟಿಯನ್ನೂ ಅಷ್ಟೇ ವೇಗವಾಗಿ ಆಡಿಸಬೇಕು. ಆಮೇಲೆ ಚಿತ್ರವನ್ನು ನಿಧಾನ ಮಾಡಿದಾಗ ತುಟಿ ಮತ್ತು ಹಾಡು ಹೊಂದಿಕೊಳ್ಳುತ್ತವೆ, ಕೂದಲು ಮಾತ್ರ ತೇಲುತ್ತದೆ. ಭಾಯ್ ಹಾಡು ಹಾಕಿದರು. ನನ್ನ ದಪ್ಪ ದನಿ ಸ್ಪೀಕರಿನಲ್ಲಿ ಕೀಚುಕೀಚು ಅಂತ ಬಂತು.

"ಇದೇನ್ಲಾ, ಇಲಿಮರಿ ಕೈಲಿ ಹಾಡ್ಸಿದ್ದೀಯಾ?" ಅಂದರು ದೊಡ್ಡಪ್ಪ. ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ನನಗೆ ಒಳಗೊಳಗೇ ಸಮಾಧಾನ. ದನಿ ಯಾರದೆಂದು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

ಆದರೆ ಆ ಹುಡುಗಿಗೆ ಕೊನೆಯ 'ಬಾ' ಹಿಡಿಯಲು ಆಗುತ್ತಿರಲಿಲ್ಲ. ಪ್ರತಿ ಸಲವೂ ನಡುವೆ ಬಾಯಿ ಮುಚ್ಚಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಆರು ಸಲವಾಯಿತು, ಎಂಟು ಸಲವಾಯಿತು. ಹೊಲಿಗೆ ಸೊಟ್ಟಗಿದ್ದರೆ ಬಿಚ್ಚದೆ ಬಿಡುವವಳಲ್ಲ ನಾನು. ಸುಮ್ಮನಿರು, ಸುಮ್ಮನಿರು ಅಂತ ನನಗೆ ನಾನೇ ಹೇಳಿಕೊಂಡೆ. ಹತ್ತನೆಯ ಸಲವೂ ಅಲ್ಲೇ ಉಸಿರು ತೆಗೆದಳು ನೋಡಿ, ನನ್ನ ತಾಳ್ಮೆ ಕಿತ್ತುಹೋಯಿತು.

"ಅಲ್ಲಿ ಉಸಿರು ತಗೋಬಾರ್ದು ಕಣಮ್ಮ! ಅಲ್ಲಿ ಉಸಿರು ತಗೊಂಡ್ರೆ ಕರ್ದಂಗಾಗಲ್ಲ, ಕೆಮ್ಮಿದಂಗಾಗ್ತದೆ. ಇಲ್ಲಿ ಕೇಳು!"

ಅಂದವಳೇ ಹಾಡಿಬಿಟ್ಟೆ. ಅಂಗಳದ ನಡುವೆ, ಅಷ್ಟೂ ಜನರ ಮುಂದೆ, ನಾಲ್ಕು ಸಾಲನ್ನೂ ಇದ್ದ ವೇಗದಲ್ಲಿ, ಪೂರ್ತಿ ಗಂಟಲು ಬಿಟ್ಟು. 'ಬಾ' ಹತ್ತಿ, ತಿರುಗಿ, ಇಳಿದು ನಿಂತ ಮೇಲೆ ನನಗೆ ಬುದ್ಧಿ ಬಂತು. ಅಯ್ಯೋ ಶಿವನೇ, ಏನು ಮಾಡಿಕೊಂಡೆ! ಈಗ ನಗುತ್ತಾರೆ, ಈಗ ನಗುತ್ತಾರೆ ಅಂತ ನೆಲ ನೋಡುತ್ತಾ ನಿಂತೆ. ಅವ್ವನ ಕಡೆ ತಿರುಗುವ ಧೈರ್ಯ ಬರಲಿಲ್ಲ.

"ಓಹೋ, ಆ ಇಲಿಮರಿ ನೀನೇನವ್ವ?" ಅಂದರು ದೊಡ್ಡಪ್ಪ. ಆಮೇಲೆ ಚೇರನ್ನು ಮುಂದಕ್ಕೆಳೆದುಕೊಂಡು, ಮೆತ್ತಗೆ, "ಎಲ್ಲಿ, ಇನ್ನೊಂದ್ಸಲ ಹೇಳು" ಅಂದರು.

ಹೇಳಿದೆ. ಮೂರನೆಯ ಸಲವೂ ಕೇಳಿದರು, ಮೂರನೆಯ ಸಲವೂ ಹೇಳಿದೆ. ಆ ಹುಡುಗಿ ನನ್ನ ಕೈ ಹಿಡಿದು ಚಂದ್ರಿಕೆಯ ಮುಂದೆ ಎಳೆದು ನಿಲ್ಲಿಸಿ, "ಈ ದನಿಗೆ ನನ್ನ ಬಾಯಿ ಸಾಲಲ್ಲ ಅಕ್ಕ" ಅಂದಳು. ಪಾಪ, ಅವಳ ಮುಖದಲ್ಲಿ ಒಂದಿಷ್ಟೂ ಕಹಿಯಿರಲಿಲ್ಲ. ನೈಲಾನ್ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ, ಕೊರಳಲ್ಲಿ ಟೇಪು. ಇದ್ಯಾವ ಆರ್ ಅಂಡ್ ಬಿ ಅಂತ ನಾನು ಟೇಪು ತೆಗೆಯಲು ಹೋದರೆ ತಮ್ಮ, "ತೆಗೀಬ್ಯಾಡ ಅಕ್ಕ, ಹಂಗೇ ಇರು" ಅಂತ ಕೂಗಿದ. ಭಾಯ್, "ಸ್ಲೋ ಮೋಷನ್ ಬೇಡ, ಏನೂ ಬೇಡ. ಇದ್ದಂಗೇ ಹಾಡಿ ಆಪಾ" ಅಂದು ಕ್ಯಾಮೆರಾ ತೀರಾ ಹತ್ತಿರ ತಂದರು.

ಹಾಡುತ್ತಾ ಕಣ್ಣೆತ್ತಿದೆ. ಕ್ಯಾಮೆರಾದ ಪಕ್ಕದಲ್ಲೇ ಅವ್ವ ನಿಂತಿದ್ದಳು. ಸರದ ಕಡೆ ಅವಳ ಕಣ್ಣಿರಲಿಲ್ಲ. ನಾಲ್ಕೇ ಸಾಲು, ಮೂರು ಸಲ ಕೇಳಿದ್ದಕ್ಕೇ ಬಾಯಿಗೆ ಬಂದುಬಿಟ್ಟಿತ್ತೋ ಏನೋ, ನನ್ನ ಜೊತೆಜೊತೆಗೇ ಅವಳ ತುಟಿ ಆಡುತ್ತಿತ್ತು. ಕೊನೆಯ 'ಬಾ' ಬಂದಾಗ ಅವಳು ಕೂಡ ನಡುವೆ ಉಸಿರು ತೆಗೆಯಲಿಲ್ಲ. ನನಗೆ ನಗು ಬಂತು. ತಡೆಯಲು ನೋಡಿದೆ, ತಡೆದಷ್ಟೂ ಮುಖದ ತುಂಬ ಹರಡಿತು.

"ಆಪಾ, ನಗ್ಬೇಡಿ," ಅಂದರು ಭಾಯ್. "ಆರ್ ಅಂಡ್ ಬಿಗೆ ಬೇಜಾರಿರ್ಬೇಕು. ಕಣ್ಣು ಕೆಳಗೆ, ಮುಖ ಸಪ್ಪಗೆ."

ನಾನು ಉತ್ತರ ಕೊಡುವುದಕ್ಕೆ ಮೊದಲು ಅವ್ವ ಬಾಯಿ ಹಾಕಿದಳು. "ಬುಡಪ್ಪ, ಹನ್ನೆರಡು ವರ್ಸ ಬೇಜಾರು ಮಾಡ್ಕೊಂಡದ್ದು ಸಾಕು. ನಾನೇ ಬಾಯಿ ಮುಚ್ಚಿಸ್ಬುಟ್ಟಿದ್ದೆ. ಈಗ ನಗ್ತಾನೇ ಹಾಡ್ಲಿ. ಮಕ ಚೆನ್ನಾಗಿ ಕಾಣಂಗೆ ತೆಗಿ."