ಚೊರಿಸ್ ಹಿಡಿದ ಕೈ

ಹೋದ ವರ್ಷ ಮಳೆ ಮುಗಿದು ಬಿಸಿಲು ಗಟ್ಟಿಯಾದ ದಿನಗಳು. ಆಗಲೂ ಈಗಲೂ ನಾನು ಕಾರವಾರದ ಒಂದು ಸಣ್ಣ ಖಾನಾವಳಿಯ ಮುಖ್ಯ ಅಡಿಗೆಯವ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಪಾತ್ರೆ ತೊಳೆಯುವಲ್ಲಿಂದ ಒಲೆಯ ಮುಂದೆ ಬಂದದ್ದು ಯಾರ ಶಿಫಾರಸಿನಿಂದಲೂ ಅಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಮುಂದಿನ ಸಂಗತಿಗೆ.

ನಮ್ಮಲ್ಲಿಗೆ ಜನ ಬರುವುದು ಚೊರಿಸ್ ಪಾವ್ ತಿನ್ನಲು. ಚೊರಿಸ್ ಅಂದರೆ ಕರುಳಿನಲ್ಲಿ ತುಂಬಿ ಒಣಗಿಸಿದ ಹಂದಿ ಮಾಂಸ. ಮಾಂಸವನ್ನು ಕೊಚ್ಚಬಾರದು, ಕೊಬ್ಬು ಸಮೇತ ಬೆರಳ ತುದಿಯಷ್ಟು ತುಂಡು ಮಾಡಬೇಕು. ಉಪ್ಪು ಹಚ್ಚಿ, ಮೇಲೆ ಕಲ್ಲು ಹೇರಿಟ್ಟರೆ ನೀರು ಬಿಡುತ್ತದೆ. ಒಣಮೆಣಸು, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ಜೀರಿಗೆ, ಲವಂಗ, ದಾಲ್ಚಿನ್ನಿ ಎಲ್ಲವನ್ನೂ ತೆಂಗಿನ ಕಳ್ಳಿನ ವಿನೆಗರಿನಲ್ಲೇ ಅರೆಯಬೇಕು. ಒಂದು ಹನಿ ನೀರು ಸೇರಿದರೂ ಬೂಸು ಹಿಡಿಯುತ್ತದೆ. ಮಸಾಲೆಯಲ್ಲಿ ನೆನೆದ ಮಾಂಸವನ್ನು ಕರುಳಿಗೆ ತುಂಬಿ, ದಾರದಿಂದ ಮಣಿಸರದ ಹಾಗೆ ಕಟ್ಟಿ, ಮೊದಲು ಬಿಸಿಲಿಗೆ, ಆಮೇಲೆ ಒಲೆಯ ಹೊಗೆಗೆ ತೂಗುಹಾಕುವುದು. ಬೇಯಿಸುವಾಗ ಎಣ್ಣೆ ಬೇಡ. ಅದರ ಕೊಬ್ಬೇ ಕರಗಿ ಈರುಳ್ಳಿ, ಬಟಾಟೆಗೆ ಸಾಕಾಗುತ್ತದೆ.

ಕಲಿಸಿದವರು ಖಾನಾವಳಿಯ ಮಾಲಕಿ, ಕ್ರಿಶ್ಚಿಯನ್ ಹೆಂಗಸು. ಎಲ್ಲರಿಗೂ ಅವರು ಮಾಯ್, ಅಂದರೆ ಕೊಂಕಣಿಯಲ್ಲಿ ಅಮ್ಮ. ಅವರದೊಂದು ಪದ್ಧತಿ: ಮಳೆ ಕಳೆದು ಮಾಡಿದ ಮೊದಲ ಚೊರಿಸ್ ಬೆಂದಾಗ, ಮಾಡಿದವನೇ ಎಲ್ಲರೆದುರು ಪಾವ್ ಅದ್ದಿ ಮೊದಲ ತುತ್ತು ತಿನ್ನಬೇಕು. ಆಮೇಲೆ ಗಿರಾಕಿಗಳಿಗೆ. ಮಾಯ್ ಪಾವ್ ಹರಿದು ಕೊಡುವರು, ನಾನು ತಿನ್ನುವೆ. ಅವರ್ಸಾ ಊರಿನ ನಮ್ಮ ಮನೆಯಲ್ಲಿ ಮೀನು, ಕೋಳಿ ನಡೆಯುತ್ತದೆ, ಹಂದಿ ಹೊಸಿಲು ದಾಟುವುದಿಲ್ಲ. ನಾನು ಹೋಟೆಲಿನಲ್ಲಿ ಮೀನು ಹುರಿಯುತ್ತೇನೆ ಎಂದೇ ಮನೆಯವರ ತಿಳುವಳಿಕೆ.

ಆ ದಿನ ಮೊದಲ ಚೊರಿಸ್ ಬೆಂದಿತ್ತು. ಮುಂದಿನ ಪಾಳಿಯ ಮಾಂಸಕ್ಕೆ ಮಸಾಲೆ ಕಲಸಿ ನಾನು ಎದ್ದಿದ್ದೆನಷ್ಟೆ. ಮಾಯ್ ಪಾವ್ ಹರಿದು ಕೈ ಚಾಚಿದ್ದರು. ಅದೇ ಹೊತ್ತಿಗೆ ಭಾವಿಕೇರಿಯ ಬೀಗರು ಬಾಗಿಲಲ್ಲಿ ನಿಂತಿದ್ದರು. ಮುಂದಿನ ವಾರ ಅವರ ಮಗನಿಗೂ ನನ್ನ ಮಗಳಿಗೂ ನಿಶ್ಚಿತಾರ್ಥ.

"ಬೀಗ್ರೇ, ಪ್ಯಾಟಿಗೆ ಬಂದಿದ್ದೆ, ನಿಮ್ಮ ಹೋಟ್ಲು ನೋಡ್ಕಂಡು ಹೋಗ್ವಾ ಅಂತ. ಎಂತ ಇದು, ರಸ್ತಿವರಿಗೂ ಪರಿಮಳ. ನೀವೇ ಮಾಡೂದಾ?"

ಸಂಬಂಧ ಮುರಿದೇಹೋಯಿತು ಅನ್ನಿಸಿತು. ಮಸಾಲೆ ಹತ್ತಿದ ಕೈಯನ್ನು ಸೊಂಟದ ಟವೆಲಿನೊಳಗೆ ಸುತ್ತಿಕೊಂಡೆ.

"ಛೆ, ಅದು ಅವರ ಜನರ ಅಡಿಗೆ. ನಾನು ಅದನ್ನ ಮುಟ್ಟೂದೂ ಇಲ್ಲ. ನಂದು ಮೀನು ಅಷ್ಟೇ."

ಮಾಯ್ ಚಾಚಿದ ಕೈ ಹಿಂದೆ ತೆಗೆದುಕೊಂಡರು. ಆ ತುತ್ತನ್ನು ಅದ್ದಿ ತಾವೇ ತಿಂದರು. "ಹೌದು, ನಾನೇ ಮಾಡಿದ್ದು" ಎಂದರು.

ಬೀಗರು ಬೆಂಚಿನ ಮೇಲೆ ಕೂತರು. "ಹಂಗಾದ್ರೆ ಒಂದು ಪ್ಲೇಟ್ ಕೊಡಿ ಅಮ್ಮಾ. ಬೋಟಿನ ಕೆಲಸಕ್ಕೆ ಗೋವಾದಲ್ಲಿದ್ದಾಗ ಹಿಡಿದ ಚಟ. ಊರಲ್ಲಿ ಹೇಳೂಹಂಗಿಲ್ಲ."

ಪಾವಿನಿಂದ ತಟ್ಟೆ ಒರೆಸಿ ತಿಂದರು. ಗೋವಾದಲ್ಲೂ ಇಂಥದ್ದು ಸಿಕ್ಕಿರಲಿಲ್ಲ ಎಂದು ಮಾಯ್‌ಗೆ ಕೈಮುಗಿದರು. ನಾನು ಟವೆಲಿನೊಳಗೆ ಕೈಯಿಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದೆ. ಹೊರಡುವಾಗ ಬೀಗರು ಕಿವಿಯ ಹತ್ತಿರ ಬಂದರು.

"ಬೀಗ್ರೇ, ಟವೆಲ್ ಕೆಂಪಾಯ್ತು. ಮೀನಿನ ಮಸಾಲಿ ಇರ್ಬೇಕು."

ನಕ್ಕು ಹೋದರು. ನಿಶ್ಚಿತಾರ್ಥ, ಮದುವೆ ಎರಡೂ ಚೆನ್ನಾಗಿಯೇ ಆದವು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಮಾಯ್ ಬೈಯಲಿಲ್ಲ. ಆ ಮಧ್ಯಾಹ್ನ ಬಂಗಡೆಯ ಬುಟ್ಟಿ ನನ್ನ ಮುಂದೆ ಇಟ್ಟು, "ತಕೋ ಪುತಾ, ನಿಂದು ಮೀನು ಅಷ್ಟೇ ಅಲ್ಲವಾ" ಎಂದರು. ಮಗನೇ ಎಂದು ಕರೆದೇ ಹೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಚೊರಿಸ್ ತಟ್ಟೆಗೆ ಅಪಮಾನವಾದರೆ ಹೋಗಲಿ, "ಅವರ ಜನರ ಅಡಿಗೆ" ಎಂದದ್ದು ಅವರೆದುರೇ, ಅವರು ಕೊಟ್ಟ ಅನ್ನ ಉಂಡುಕೊಂಡು.

ಈ ವರ್ಷ ಮೊದಲ ಚೊರಿಸ್ ಬೆಂದಾಗ ಮಾಯ್ ಪಾವ್ ಹರಿಯಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹೊರಗೆ ನೋಡುತ್ತಿದ್ದರು. ಕೆಲಸ ಕೈಗೆ ಹತ್ತಿದರೆ ಸಾಲದು, ನನ್ನದು ಎಂದು ಹೇಳುವ ಎದೆಯೂ ಬೇಕೆಂದು ಈ ಕಸುಬು ನನಗೆ ಕಲಿಸಿದ್ದು ಇಷ್ಟು ತಡವಾಗಿ. ಪಾವನ್ನು ನಾನೇ ಹರಿದುಕೊಂಡೆ. ರಸ್ತೆಗೆ ಕಾಣುವ ಹಾಗೆ ಬಾಗಿಲಲ್ಲಿ ನಿಂತು ತಿಂದೆ.

ಮಾಯ್ ತಿರುಗಿ ನೋಡಿದರು. "ಉಪ್ಪು ಸರಿ ಇದೆಯಾ?" ಎಂದಷ್ಟೇ ಕೇಳಿದರು.