ತಂತಿಯಲ್ಲಿ ಬಂದ ಲೆಫ್ಟ್

ಆ ಕಾಲದಲ್ಲಿ ನಮ್ಮ ಹೊಳನಗದ್ದೆಗೆ ತಂತಿ ಬಂತೆಂದರೆ ಸಾವಿನ ಸುದ್ದಿಯೆಂದೇ ಅರ್ಥ. ಓದಿಸುವ ಮೊದಲೇ ಹೆಂಗಸರು ಅಳಲು ಶುರುಮಾಡುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಮಳೆಗಾಲ ಕಳೆದು ಮುಂಬಯಿಯ ಉಗಿಹಡಗುಗಳು, ನಮ್ಮ ಬಾಯಲ್ಲಿ ಆಗಬೋಟಿಗಳು, ಮತ್ತೆ ಬರತೊಡಗಿದ ಹೊತ್ತಿಗೆ, ನಮ್ಮ ಮನೆಗೂ ಒಂದು ತಂತಿ ಬಂತು. ನನಗಾಗ ಒಂಬತ್ತು ವರ್ಷ. ಅಪ್ಪ ಮುಂಬಯಿಯ ಖಾನಾವಳಿಯೊಂದರಲ್ಲಿ ಅಡುಗೆಗಿದ್ದ. ಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ಮತ್ತು ನಾನು, ಇಬ್ಬರೇ.

ಆಯಿ ಅಳಲಿಲ್ಲ. ಕುದಿಯುತ್ತಿದ್ದ ಗಂಜಿಯನ್ನು ಇಳಿಸಿಟ್ಟು, ನನ್ನ ಕೈ ಹಿಡಿದು ಶಾಲೆಯ ಮಾಸ್ತರರ ಮನೆಗೆ ನಡೆದಳು. ಊರಿನಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ತಂತಿ ಕಳಿಸಿದ್ದು ಅಪ್ಪನ ಜೊತೆ ಕೋಣೆಯಲ್ಲಿದ್ದ ಮಂಜಯ್ಯ. ಅಪ್ಪನ ಹೆಸರಿನ ಮುಂದೆ ಒಂದೇ ಶಬ್ದ: ಲೆಫ್ಟ್. ಮಾಸ್ತರರು ಓದಿ ನಕ್ಕರು.

“ಹೊರಟ ಅಂತ ಬರ್ದಿದ್ದ, ತಂಗಿ. ಹೆದರೂದು ಬ್ಯಾಡ, ಊರಿಗೇ ಬತ್ತಾ ಇದ್ದ.”

ಆಯಿ ಅಂಗಳ ಸಾರಿಸಿದಳು. ಅಪ್ಪನಿಗೆ ಇಷ್ಟವೆಂದು ದಿನವೂ ಹಲಸಿನೆಲೆಯಲ್ಲಿ ಕಡುಬು ಬೇಯಿಸಿದಳು. ಎಂಟು ದಿನ ನಾವು ಕುಮಟೆಯ ಬಂದರಿಗೆ ಹೋದೆವು. ದೂರದಲ್ಲಿ ನಿಂತ ಆಗಬೋಟಿಯಿಂದ ದೋಣಿಗಳು ಜನರನ್ನು ದಡಕ್ಕೆ ತರುತ್ತಿದ್ದವು. ನನ್ನ ಓರಗೆಯ ಹುಡುಗಿಯರೆಲ್ಲ ಊರಲ್ಲಿ ಕುಂಟಾಟ ಆಡುತ್ತಿದ್ದರೆ, ನಾನು ಒಣಮೀನಿನ ವಾಸನೆಯಲ್ಲಿ ನಿಂತು, ಇಳಿದವರ ಮುಖ ಒಂದೊಂದಾಗಿ ನೋಡುತ್ತಿದ್ದೆ.

ಒಂಬತ್ತನೆಯ ದಿನ ಮಂಜಯ್ಯನ ಕಾಗದ ಬಂತು. ಕನ್ನಡದಲ್ಲಿತ್ತು, ನಾನೇ ಓದಿದೆ. ಅಪ್ಪ ಕೆಲಸ ಬಿಟ್ಟಿದ್ದ, ಕೋಣೆ ಬಿಟ್ಟಿದ್ದ. ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ. ಊರಿಗೇನಾದರೂ ಬಂದನೇ ಎಂದು ಮಂಜಯ್ಯ ನಮ್ಮನ್ನೇ ಕೇಳಿದ್ದ. ಆಯಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿದಳು.

“ಜೀವಕ್ಕೆ ಎಂತ ಆಗಲಿಲ್ಲ ಅಲ್ದ?” ಎಂದಳು. “ಆತು.”

ಆ ದಿನದ ಕಡುಬುಗಳನ್ನು ಇಬ್ಬರೂ ತಿನ್ನಲಿಲ್ಲ ಎಂಬುದು ಈಗಲೂ ನೆನಪಿದೆ.

ಮಾಸ್ತರರು ತುಂಬ ನೊಂದರು. ಅಂದಿನಿಂದ ದಿನಾ ಸಂಜೆ ನನ್ನನ್ನು ಕೂರಿಸಿಕೊಂಡು ಇಂಗ್ಲಿಷ್ ಕಲಿಸಿದರು. ಮೊದಲ ಪಾಠ ಅದೇ ಶಬ್ದ. ಎಡಗೈಗೂ ಲೆಫ್ಟ್, ಹೊರಟದ್ದಕ್ಕೂ ಲೆಫ್ಟ್, ಬಿಟ್ಟದ್ದಕ್ಕೂ ಉಳಿದದ್ದಕ್ಕೂ ಲೆಫ್ಟ್. ಮುಂದೆ ಹೊನ್ನಾವರದಲ್ಲಿ ನಾನೇ ಇಂಗ್ಲಿಷ್ ಕಲಿಸುವಾಗ ದೊಡ್ಡ ನಿಘಂಟು ತೆಗೆದು ನೋಡಿದೆ. ಎಡ ಎನ್ನುವ ಲೆಫ್ಟಿಗೆ ಮೂಲದಲ್ಲಿ ಬಲವಿಲ್ಲದ್ದು ಎಂದು ಅರ್ಥವಂತೆ. ಹೊರಟ ಎನ್ನುವ ಲೆಫ್ಟಿನ ಮೂಲವೇ ಬೇರೆ: ಹಿಂದೆ ಉಳಿಸುವುದು. ಪುಸ್ತಕ ಮುಚ್ಚಿ, ಆ ದಿನ ಪಾಠ ಮಾಡದೆ ಕೂತಿದ್ದೆ.

ಅಪ್ಪ ಬರಲೇ ಇಲ್ಲ. ಆಯಿ ಕುಂಕುಮ ಇಟ್ಟುಕೊಂಡೇ ತೀರಿಕೊಂಡಳು. ಮಾಸ್ತರರೂ ಮಂಜಯ್ಯನೂ ಹೋದರು. ಅಪ್ಪನ ದನಿ ಹೇಗಿತ್ತೆಂದು ಈಗ ನನಗೆ ನೆನಪಾಗುವುದಿಲ್ಲ. ಕೇಳೋಣವೆಂದರೆ, ಅದನ್ನು ಕೇಳಿದವರು ಯಾರೂ ಇಲ್ಲ.